ಲೀಲಾವತಿಯ ಬಾಯಿಪಾಠ

ನನ್ನ ಹೆಂಡತಿ ಲೀಲಾವತಿ ಅರವತ್ತೊಂದನೇ ವಯಸ್ಸಿಗೆ ಕಾಲೇಜು ಸೇರಿದ್ದಾಳೆ ಅಂದರೆ ಡಲ್ಲಾಸಿನ ನಮ್ಮ ಜನ ಕೇಳುವ ಮೊದಲ ಪ್ರಶ್ನೆ, “ಯಾವ ಜಾಬ್‌ಗೆ?” ಫ್ರಿಸ್ಕೋದಲ್ಲಿ ಒಂದು ಗೃಹಪ್ರವೇಶದ ಊಟಕ್ಕೆ ಹೋಗಿದ್ದೆವು. ಅಲ್ಲಿ ಬೆಂಗಳೂರಿನ ಚಂದ್ರಮೋಹನ ಎಂಬುವನು, “ಆಂಟಿ, ಕಲ್ಲು ಮಣ್ಣು ಓದೋ ಬದ್ಲು ಡೇಟಾ ಸೈನ್ಸ್ ಆದ್ರೂ ತಗೋಬಾರ್ದಿತ್ತಾ?” ಎಂದು ಬಹಳ ಕನಿಕರದಿಂದ ಕೇಳಿದ. ಲೀಲಾ ಹೋಳಿಗೆ ಮೇಲೆ ತುಪ್ಪ ಹಾಕಿಕೊಳ್ಳುತ್ತ, “ಖುಷಿಗೆ ಓದಾಕತ್ತೀನಪಾ. ನೀ ಕ್ರಿಕೆಟ್ ನೋಡ್ತಿಯಲ್ಲ, ಹಂಗ” ಎಂದಳು. ಅವನು ಪಲ್ಯದ ಕಡೆಗೆ ಹೊರಟುಹೋದ.

ಇದಕ್ಕೆಲ್ಲ ಮೂಲ ಡಲ್ಲಾಸಿನ ಹೊರವಲಯದ ಮರ್ಫಿಯಲ್ಲಿರುವ ನಮ್ಮ ಮನೆ. ಮೂರು ವರ್ಷದ ಹಿಂದೆ ಗೋಡೆ ಬಿರುಕು ಬಿಟ್ಟಿತು. ಫೌಂಡೇಶನ್ ರಿಪೇರಿಗೆ ಬಂದ ಎಂಜಿನಿಯರ್, ಕೆಳಗಿನ ಜೇಡಿಮಣ್ಣು ನೀರು ಕುಡಿದರೆ ಉಬ್ಬುತ್ತದೆ, ಒಣಗಿದರೆ ಕುಗ್ಗುತ್ತದೆ, ಅದಕ್ಕೇ ಹೀಗೆ ಎಂದ. ನಾನು “ಯಾವಾಗ ಮುಗಿಸ್ತೀರಿ?” ಎಂದು ಕೇಳಿದೆ. ಇವಳು “ಯಾಕೆ ಉಬ್ಬುತ್ತದೆ?” ಎಂದು ಕೇಳಿದಳು. ಪುಣ್ಯಾತ್ಮ ಒಂದು ತಾಸು ನಿಂತು ಹೇಳಿದ. ಹದಿನೆಂಟು ವರ್ಷ ಮನೆಯಲ್ಲೇ ಮಕ್ಕಳ ಡೇಕೇರ್ ನಡೆಸಿದವಳು ಆ ವರ್ಷವಷ್ಟೇ ಅದನ್ನು ಮುಚ್ಚಿದ್ದಳು. ಆಸ್ಟಿನ್‌ನಲ್ಲಿರುವ ಮಗಳು ಮೇಧಾ ದೂರಶಿಕ್ಷಣದ ಒಂದು ವಿಶ್ವವಿದ್ಯಾಲಯ ಹುಡುಕಿ ಫಾರ್ಮ್ ತುಂಬಿಸಿದಳು. ಭೂವಿಜ್ಞಾನದ ಡಿಗ್ರಿ. ಮನೆಯಲ್ಲೇ ಓದು, ಮನೆಯಲ್ಲೇ ಪರೀಕ್ಷೆ.

ಓದುವುದೆಂದರೆ ನಮ್ಮವಳಿಗೆ ಗೊತ್ತಿರುವುದು ಒಂದೇ ರೀತಿ, ನವಲಗುಂದದ ಹೈಸ್ಕೂಲಿನಲ್ಲಿ ಕಲಿತದ್ದು. ಬೆಳಗಾಗುತ್ತಲೇ ಪುಸ್ತಕ ಎದೆಗೆ ಅವಚಿಕೊಂಡು, ಹಿತ್ತಲಿನಲ್ಲಿ ಈ ಬೇಲಿಯಿಂದ ಆ ಬೇಲಿಗೆ ಅಡ್ಡಾಡುತ್ತ, ಗಟ್ಟಿಯಾಗಿ ಉರು ಹೊಡೆಯುವುದು. ಪಕ್ಕದ ಮನೆಯ ಅಮೆರಿಕನ್ ಅಜ್ಜ ಒಮ್ಮೆ ನನ್ನನ್ನು ಕರೆದು, ನಿನ್ನ ಹೆಂಡತಿಯ ಪ್ರಾರ್ಥನೆ ಕೇಳಿದರೆ ಮನಸ್ಸು ತಣ್ಣಗಾಗುತ್ತದೆ ಎಂದ. ಅವಳು ಹೇಳುತ್ತಿದ್ದದ್ದು ಸುಣ್ಣಕಲ್ಲಿನ ವಿಧಗಳನ್ನು. ಪಾಪ, ಅವನ ನೆಮ್ಮದಿ ಯಾಕೆ ಕೆಡಿಸಲಿ ಎಂದು ಸುಮ್ಮನಿದ್ದೆ.

ಅವಳ ಸಂಭ್ರಮ ಮಾತ್ರ ನೋಡುವ ಹಾಗಿತ್ತು. ಪಕ್ಕದ ಅಲೆನ್ ಊರಿಗೆ ಡ್ರೈವ್ ಮಾಡುವಾಗ ದಾರಿಯ ಹಳ್ಳದಲ್ಲಿ ಬಿಳಿ ಬಂಡೆ ಕಂಡರೆ ಕಾರು ನಿಲ್ಲಿಸಲೇಬೇಕು. “ರೀ, ಇಲ್ಲೆಲ್ಲಾ ಸಮುದ್ರ ಇತ್ತಂತ್ರೀ!” ಎಂದು ಮೈಲುಗಟ್ಟಲೆ ಅಂಗಡಿಸಾಲಿನ ಕಡೆ ಕೈ ಚಾಚುತ್ತಿದ್ದಳು. ನಾನು ಗೊಣಗುತ್ತಿದ್ದೆ. ಆದರೂ ನಿಲ್ಲಿಸುತ್ತಿದ್ದೆ.

ಕಳೆದ ಅಕ್ಟೋಬರಿನಲ್ಲಿ ಮೊದಲ ಬಾರಿಗೆ ದೊಡ್ಡ ಉತ್ತರ ಬರೆಯುವ ಪರೀಕ್ಷೆ ಬಂತು. ವಿಷಯ ಉಬ್ಬುವ ಜೇಡಿಮಣ್ಣು. ಎರಡು ತಾಸು ತಲೆ ಎತ್ತದೆ ಟೈಪ್ ಮಾಡಿ, ಗೆದ್ದವಳಂತೆ ಎದ್ದು ಬಂದು ಚಹಾ ಕುಡಿದಳು. ಮೂರನೇ ದಿನ ಮೇಲ್ ಬಂತು. ಉತ್ತರದಲ್ಲಿ ನೂರಕ್ಕೆ ತೊಂಬತ್ತೇಳು ಭಾಗ ಪಠ್ಯಪುಸ್ತಕದ್ದೇ ಎಂದು ಕಂಪ್ಯೂಟರ್ ಹಿಡಿದಿದೆ, ನಕಲಿನ ಸಂಶಯವಿದೆ, ಮಂಗಳವಾರ ವಿಡಿಯೊದಲ್ಲಿ ವಿಚಾರಣೆ. ತಪ್ಪು ಸಾಬೀತಾದರೆ ಕೋರ್ಸಿನಿಂದ ಹೊರಗೆ.

ಮೇಧಾ ಫೋನಿನಲ್ಲಿ ಉತ್ತರ ಓದಿ ಚೀರಿದಳು. “ಅಮ್ಮಾ! ‘ಚಿತ್ರ 3.4 ನೋಡಿ’ ಅಂತ ಬರ್ದಿದ್ದೀಯ! ವೇರ್ ಈಸ್ ದ ಚಿತ್ರ?”

“ಪುಸ್ತಕದಾಗ ಹಂಗ ಇತ್ತವಾ. ನಡುವಿನ ಸಾಲು ಬಿಡಾಕ ಬರ್ತೈತೇನು?”

“ನೋಡಿ ಬರ್ದ್ಯಾ?”

“ಬಾಯಿಪಾಠ ಮಾಡೀನಿ!”

ಫೋನ್ ಇಟ್ಟವಳು ಎರಡು ದಿನ ಪುಸ್ತಕ ಮುಟ್ಟಲಿಲ್ಲ, ಹಿತ್ತಲಿಗೆ ಹೋಗಲಿಲ್ಲ. “ಈ ವಯಸ್ಸಿನಾಗ ಕಳ್ಳಿ ಅನಿಸ್ಕೊಂಡ್ನಲ್ರೀ” ಎಂದು ರೊಟ್ಟಿ ತಟ್ಟುತ್ತ ಕಣ್ಣೊರೆಸಿಕೊಂಡಳು. ನನಗೆ ಮೈಯೆಲ್ಲ ಉರಿದುಹೋಯಿತು.

“ಬಿಟ್ಟ ಒಗಿ. ಯಾರಿಗೆ ಬೇಕಾಗೈತಿ ಇವ್ರ ಡಿಗ್ರಿ?”

“ನನಗ ಬೇಕಾಗೈತ್ರಿ” ಎಂದಳು. ಅಷ್ಟೇ.

ಮಂಗಳವಾರ ಬೆಳಗ್ಗೆ ಹತ್ತಕ್ಕೆ ಅಡುಗೆಮನೆಯ ಟೇಬಲ್ಲಿನ ಮೇಲೆ ಲ್ಯಾಪ್‌ಟಾಪ್ ಇಟ್ಟೆವು. ಇವಳು ಇಳಕಲ್ ಸೀರೆ ಉಟ್ಟಿದ್ದಳು. ನಾನು ಕ್ಯಾಮರಾಕ್ಕೆ ಕಾಣದಂತೆ ಫ್ರಿಜ್ಜಿಗೆ ಒರಗಿ ನಿಂತೆ. ಆ ಕಡೆ ಹಾಲೋವೇ ಎಂಬ ಬಿಳಿಗೂದಲಿನ ಪ್ರೊಫೆಸರಮ್ಮ, ಪಕ್ಕದಲ್ಲಿ ಆಫೀಸಿನ ಇನ್ನೊಬ್ಬ. ಒಂದು ತಿಂಗಳು ಕೂತು ಕಂಠಪಾಠ ಮಾಡಿದೆ ಎಂದು ಇವಳು ಹೇಳಿದಳು. ಒಂಬತ್ತು ಪುಟವನ್ನು ಯಾರೂ ನೆನಪಿಟ್ಟುಕೊಳ್ಳಲಾರರು ಎಂದು ಆಫೀಸಿನವನು ನಕ್ಕ.

“ಎಲ್ಲಿಂದ ಹೇಳಲಿ?” ಎಂದಳು ನನ್ನ ಲೀಲಾ.

ಪ್ರೊಫೆಸರಮ್ಮ ಪುಸ್ತಕ ತೆರೆದು ನಡುವಿನ ಒಂದು ಸಾಲು ಓದಿ ನಿಲ್ಲಿಸಿದರು. ಇವಳು ತಟ್ಟನೆ ಎದ್ದು ನಿಂತು ಕೈ ಕಟ್ಟಿಕೊಂಡಳು. ಮೇಷ್ಟ್ರು ಕೇಳಿದಾಗ ಕೂತು ಉತ್ತರ ಹೇಳುವುದುಂಟೇ? ಪರದೆಯಲ್ಲಿ ಅವರಿಗೆ ಕಂಡದ್ದು ಬರೀ ಸೀರೆಯ ನಿರಿಗೆ. ಅದರ ಮೇಲಿನಿಂದ ಇಂಗ್ಲಿಷ್ ಧೋ ಎಂದು ಸುರಿಯಿತು. ಒಂದು ಪುಟ, ಎರಡು ಪುಟ. “ಚಿತ್ರ 3.4 ನೋಡಿ” ಕೂಡ ಬಂತು. ಆಫೀಸಿನವನು ಪುಸ್ತಕದ ಸಾಲುಗಳ ಮೇಲೆ ಬೆರಳಾಡಿಸುತ್ತ ಬಾಯಿ ತೆರೆದು ಕೂತಿದ್ದ. ನನಗೆ ಸಿಳ್ಳೆ ಹೊಡೆಯಬೇಕು ಅನ್ನಿಸಿತು, ದೇವರಾಣೆ.

ಪ್ರೊಫೆಸರಮ್ಮ ಕೈ ಎತ್ತಿ ಸಾಕೆಂದರು. ನೀವು ಕದ್ದಿಲ್ಲ, ಒಪ್ಪಿದೆ, ಆದರೆ ಪುಸ್ತಕ ಏನು ಹೇಳುತ್ತದೆ ಎಂಬುದು ನನಗೆ ಮೊದಲೇ ಗೊತ್ತು, ನೀವು ಏನು ಹೇಳುತ್ತೀರಿ ಎಂದು ಕೇಳಿದರು.

ಲೀಲಾ ಕುರ್ಚಿಗೆ ಕುಸಿದಳು. ಅವಳ ಜನ್ಮದಲ್ಲಿ ಯಾವ ಮೇಷ್ಟ್ರೂ ಹಾಗೆ ಕೇಳಿರಲಿಲ್ಲ. ನಾನು ಏನೋ ಪಿಸುಗುಟ್ಟಲು ಬಾಯಿ ತೆರೆದೆ, ಕಣ್ಣಲ್ಲೇ ಸುಡುವ ಹಾಗೆ ನೋಡಿದಳು.

ಆಮೇಲೆ ನಿಧಾನಕ್ಕೆ, ತನ್ನ ಡೇಕೇರಿನ ಇಂಗ್ಲಿಷಿನಲ್ಲಿ ಶುರು ಮಾಡಿದಳು. ನಮ್ಮಪ್ಪನದು ಎರೆ ಹೊಲ, ಕಪ್ಪು ಮಣ್ಣು. ಬೇಸಿಗೆಗೆ ಕರುವಿನ ಕಾಲು ಸಿಕ್ಕುವಷ್ಟು ಬಿರಿಯುತ್ತಿತ್ತು. ನಾನೂ ತಮ್ಮನೂ ಬಿರುಕಿಗೆ ಹುಣಸೆ ಬೀಜ ಹಾಕಿ, ಯಾವುದು ಆಳ ಎಂದು ಜಗಳವಾಡುತ್ತಿದ್ದೆವು. ಎರೆ ಭೂಮಿ ತನ್ನನ್ನು ತಾನೇ ಉತ್ತುಕೊಳ್ಳುತ್ತದೆ ಎನ್ನುತ್ತಿದ್ದ ಅಪ್ಪ. ಮೇಲಿನ ಮಣ್ಣು ಬಿರುಕಿಗೆ ಬೀಳುತ್ತದೆ, ಮಳೆ ಬಂದರೆ ನೆಲ ಬಾಯಿ ಮುಚ್ಚಿ ಅದನ್ನು ನುಂಗುತ್ತದೆ, ಹೀಗೆ ವರ್ಷ ವರ್ಷವೂ ಕೆಳಗಿನದು ಮೇಲೆ, ಮೇಲಿನದು ಕೆಳಗೆ. ಮರ್ಫಿಯ ನಮ್ಮ ಮನೆ ಕೂತಿರುವುದೂ ಅಂಥ ಮಣ್ಣಿನ ಮೇಲೆಯೇ. ಹೊಲವಾದರೆ ಬಿರಿಯಲಿ ಎಂದು ಬಿಡಬಹುದು, ಮನೆಯನ್ನು ಹಾಗೆ ಬಿಡಲಾಗದು.

ಪ್ರೊಫೆಸರಮ್ಮ ಬರೆದುಕೊಳ್ಳುತ್ತಿದ್ದರು! ನೆಲ ತನ್ನನ್ನು ತಾನೇ ಉತ್ತುಕೊಳ್ಳುವ ಮಾತು ಮುಂದಿನ ವರ್ಷದ ಪಾಠವಂತೆ. ನಕಲಿನ ಆರೋಪ ಅಲ್ಲೇ ಕೈಬಿಟ್ಟರು. ಪುಸ್ತಕ ಮುಚ್ಚಿಟ್ಟು, ಈಗ ಹೇಳಿದಂತೆಯೇ ಹತ್ತು ದಿನದಲ್ಲಿ ಬರೆದು ಕಳಿಸಿ ಎಂದರು.

ಆ ಹತ್ತು ದಿನ ನಾಲ್ಕು ಸಾಲು ಬರೆದು ಮೂರು ಹೊಡೆದು ಹಾಕುತ್ತಿದ್ದಳು. ಉರು ಹೊಡೆಯುವುದೇ ಸಸಾರವಿತ್ತು ಎಂದು ಬೈದುಕೊಳ್ಳುತ್ತಲೇ ನವಲಗುಂದಕ್ಕೆ ಫೋನ್ ಹಚ್ಚಿ, ಬಿರುಕು ಎಷ್ಟು ಮೊಳ ಇರುತ್ತಿತ್ತೆಂದು ತಮ್ಮನನ್ನು ವಿಚಾರಿಸಿದಳು. ಅಂತೂ ಕಳಿಸಿದಳು. ಮುಂದಿನ ವಾರ ನೂರಕ್ಕೆ ಎಂಬತ್ತೊಂದು ಬಂತು.

ನಾನೂ ನಮ್ಮ ಕಡೆಯವನೇ ತಾನೆ, ಬಾಯಿ ಸುಮ್ಮನಿರಬೇಕಲ್ಲ. “ಉಳಿದ ಹತ್ತೊಂಬತ್ತು ಎಲ್ಲಿ ಹೋದ್ವು?” ಎಂದೆ.

“ಹೋದ್ರ ಹೋಗ್ಲಿ ಬಿಡ್ರೀ” ಎಂದು ಲೀಲಾ ಲ್ಯಾಪ್‌ಟಾಪನ್ನು ನನ್ನ ಕಡೆ ತಿರುಗಿಸಿದಳು. “ಬಂದದ್ದೆಲ್ಲಾ ನಂದ ಐತಿ.”