ಹೊಂಡದ ನೀರಿಗೆ ಬಂದ ಇಂಗ್ಲಿಷ್ ಹೆಸರು

ಮೊಮ್ಮಕ್ಕಳೇ, ನಾನು ಊರ ಶಾಲೆಯಲ್ಲಿ ಏಳನೆಯ ತರಗತಿ ಮುಗಿಸಿದವಳು. ನಾಲ್ಕು ಜನರ ಎದುರು ಬಾಯಿ ಬಿಟ್ಟವಳಲ್ಲ. ನಿಮ್ಮ ಅಜ್ಜ ಹೋದ ಮೇಲಂತೂ ಸಭೆಯಲ್ಲಿ ಕಂಬದ ಹಿಂದೆಯೇ ನನ್ನ ಜಾಗ. ಆದರೂ ಒಮ್ಮೆ ಮಾತಾಡಿದೆ.

ಹಡಗಲಿ ಕಡೆಯ ನಮ್ಮೂರಿನ ಹೊಂಡವನ್ನು ಮುಚ್ಚಬೇಕೆಂದು ಪಂಚಾಯಿತಿಗೆ ಕಾಗದ ಬಂದಿತ್ತು. ಅದರಲ್ಲಿ ಹೊಂಡದ ನೀರನ್ನು ‘ಸ್ಟ್ಯಾಗ್ನೆಂಟ್’ ಎಂದು ಬರೆದಿದ್ದರು. ಕೊಳೆತ ನೀರು ಎಂದೇ ಎಲ್ಲರೂ ತಿಳಿದರು. ನಮ್ಮ ಓಣಿಯ ಹೆಂಗಸರು ಮಲ್ಲಿಗೆಯನ್ನು ಆ ನೀರಿನಲ್ಲಿ ಅದ್ದಿದ ಬಟ್ಟೆಯಲ್ಲೇ ಸುತ್ತಿಡುತ್ತೇವೆ. ಬೋರಿನ ಸವಳು ನೀರು ತಾಗಿದರೆ ಮೊಗ್ಗು ಕಂದುತ್ತದೆ. ಹೊಂಡ ಹೋದರೆ ನಮ್ಮ ಹೂವಿನ ಕೆಲಸವೂ ಹೋದಂತೆ.

ನಿಮ್ಮೊಳಗೆ ದೊಡ್ಡವಳು ನಿಘಂಟು ತೆಗೆದಳು. “ಅಜ್ಜಿ, ಈ ಮಾತು ಲ್ಯಾಟಿನ್ನಿಂದ ಬಂದೈತಿ. ಅಲ್ಲಿ ಅದರ ಮೂಲ ಮಾತು ಹೊಂಡದ ಹೆಸರಂತ. ಮೊದಲನೇ ಅರ್ಥ ಹರಿಯದ ನೀರು. ಕೊಳೆತದ್ದು ಅನ್ನೋದು ಆಮ್ಯಾಲಿಂದು.”

“ಹಂಗಾದ್ರ ಹೊಂಡಕ್ಕ ಹೊಂಡ ಅಂತ ಬೈದಾರ ಬಿಡು,” ಎಂದೆ. ಇಬ್ಬರೂ ನಕ್ಕೆವು. ಆದರೆ ಆ ದಿನವೇ ಒಂದು ಮಾರು ಮಲ್ಲಿಗೆ ಕಟ್ಟಿ, ಒದ್ದೆ ಬಟ್ಟೆಯಲ್ಲಿ ಸುತ್ತಿಟ್ಟೆ.

ಮರುದಿನ ಗ್ರಾಮಸಭೆ. ಹೊಂಡದ ನೀರನ್ನು ಪರೀಕ್ಷೆಗೆ ಬಾಟಲಿಯಲ್ಲಿ ಒಯ್ದಿದ್ದ ಸಾಹೇಬರು ನನ್ನ ಕಡೆ ತಿರುಗಿ, “ನಿಂತ ನೀರು ಕೆಡತೈತಿ ಅಜ್ಜಿ, ಪುಸ್ತಕದಾಗ ಹಂಗ ಐತಿ,” ಎಂದರು.

“ಪುಸ್ತಕ ನಮ್ಮ ಮನ್ಯಾಗೂ ಐತ್ರಿ,” ಎಂದುಬಿಟ್ಟೆ. ಕಂಬ ಬಿಟ್ಟು ಮುಂದೆ ಬಂದೆ. ಬಟ್ಟೆ ಬಿಚ್ಚಿ ಮೇಜಿನ ಮೇಲಿಟ್ಟೆ. ಹೂವು ಬೆಳ್ಳಗಿತ್ತು.

“ಇದು ನಿನ್ನಿ ಕಟ್ಟಿದ ಹೂವು, ಹೊಂಡದ ನೀರಾಗ ಅದ್ದಿದ ಬಟ್ಟ್ಯಾಗ ಇಟ್ಟಿದ್ದು. ಕೊಳೆತ ನೀರಾಗಿದ್ರ ಇಷ್ಟೊತ್ತಿಗೆ ಕಪ್ಪಾಗಬೇಕಿತ್ತಲ್ರಿ? ನೀವು ಬಾಟ್ಲಿ ತುಂಬಿದ್ದು ಬಟ್ಟಿ ಒಗಿಯೋ ಮೆಟ್ಟಿಲದಾಗ. ಮೂಡಲ ಮೆಟ್ಟಿಲಕ್ಕ ಬರ್ರಿ. ಅಲ್ಲಿ ಹೂವಿನವರು ಬಿಟ್ರ ಯಾರೂ ಇಳಿಯಂಗಿಲ್ಲ. ನಾವೂ ಚಪ್ಪಲಿ ಬಿಟ್ಟು, ಕಾಲು ತೊಳಕೊಂಡು ಇಳಿತೀವಿ.”

“ಲೇ ಯವ್ವಾ, ನಿನಗೂ ಬಾಯಿ ಐತೇನ!” ಎಂದು ಪಕ್ಕದ ಮನೆಯವಳು ಕೂಗಿದಳು. ಸಭೆಯೆಲ್ಲ ನಕ್ಕಿತು. ಸಾಹೇಬರು ಹೂವನ್ನು ಮೂಸಿ ನೋಡಿದರು, ಎದ್ದರು. ಮೂಡಲ ಮೆಟ್ಟಿಲ ಬಳಿ ಅವರೂ ಬೂಟು ಬಿಚ್ಚಿ ಇಳಿದು ಬಾಟಲಿ ತುಂಬಿಕೊಂಡರು.

ಆಮೇಲೆ ಬಂದ ಕಾಗದದಲ್ಲಿ ಹೊಂಡ ಮುಚ್ಚುವ ಮಾತೇ ಇರಲಿಲ್ಲ. ಬಟ್ಟೆ ಒಗೆಯಲು ದೂರದಲ್ಲಿ ಬೇರೆ ಕಟ್ಟೆ ಕಟ್ಟಿಸಿ ಎಂದಿತ್ತು. ‘ಸ್ಟ್ಯಾಗ್ನೆಂಟ್’ ಮಾತ್ರ ಹಾಗೇ ಉಳಿದಿತ್ತು. ಇರಲಿ ಬಿಡಿ, ಅದು ಹೊಂಡದ ಹಳೆಯ ಹೆಸರೇ ತಾನೆ.

ಈ ಬೆಳಗ್ಗೆಯೂ ಅಲ್ಲೇ ಬಟ್ಟೆ ಅದ್ದಿ ಬಂದಿದ್ದೇನೆ. ಸಭೆಯಿದ್ದರೆ ಈಗ ಮುಂದಿನ ಸಾಲಿನಲ್ಲಿ ಕೂರುತ್ತೇನೆ.