ಲಿಗೋರಿ ಪೊರ್ಬುಗಳ ವಾಲ್ವ್ ಸೆಟ್ಟು

ಲಿಗೋರಿ ಪೊರ್ಬುಗಳು ಹಾಡು ಕೇಳುವಾಗ ಬಾಯಿ ತೆರೆದಿಡುತ್ತಿದ್ದರು. "ಕಿವಿ ಎರಡೇ ಅಲ್ವಾ? ಹೆಚ್ಚಾದ ಸ್ವರ ಒಳಗೆ ಹೋಗಲು ದಾರಿ ಬೇಡವಾ?" ಎಂಬುದು ಅವರ ಸಮರ್ಥನೆ.

ಕಾಪುವಿನ ನಮ್ಮ ಬೀದಿಯಲ್ಲಿ ಮದುವೆಗಳಿಗೆ ಮೈಕ್ ಸೆಟ್ ಬಾಡಿಗೆಗೆ ಕೊಡುತ್ತಿದ್ದವರು ಅವರು; ನಮ್ಮ ಕಡೆ ಕ್ರೈಸ್ತ ಹಿರಿಯರನ್ನು 'ಪೊರ್ಬು' ಎಂದೇ ಕರೆಯುವುದು. ನಾನೋ, ಉಡುಪಿಯ ಕಾಲೇಜಿನಲ್ಲಿ ಚರ್ಚಾಸ್ಪರ್ಧೆಯ ಕಪ್ಪುಗಳನ್ನು ಹೊತ್ತು ತರುತ್ತಿದ್ದವಳು. ಯಾರಾದರೂ 'ಇದು ಎಲ್ಲರಿಗೂ ಗೊತ್ತಿರುವ ಸತ್ಯ' ಎಂದರೆ ಸಾಕು, ನನ್ನ ಕೈ ತಾನಾಗಿ ಮೇಲೇಳುತ್ತಿತ್ತು. ಹಾಗಾಗಿ ಪೊರ್ಬುಗಳಿಗೆ ನಾನು 'ವಕೀಲಮ್ಮ'.

ಅವರ ಸತ್ಯ ಒಂದೇ: ಮೈಕಿನ ಸ್ವರ ಹಿಗ್ಗಿಸುವುದರಲ್ಲಿ ವಾಲ್ವ್ ಆಂಪ್ಲಿಫೈಯರಿಗೆ ಸಮನಾದದ್ದು ಲೋಕದಲ್ಲಿ ಇಲ್ಲ. ಅವರದನ್ನು ಅವರೇ ಕೈಯಾರೆ ಕಟ್ಟಿದ್ದು. ಅಕ್ಕಿಮುಡಿಯಷ್ಟು ಭಾರ. ಗಾಜಿನ ವಾಲ್ವುಗಳು ಬಿಸಿಯಾಗಿ ಕೆಂಪಗಾಗುವ ತನಕ ಉಸಿರೆತ್ತುತ್ತಿರಲಿಲ್ಲ. ಅಷ್ಟರಲ್ಲಿ ಭಾಷಣಕಾರರು ಗಂಟಲು ಸರಿಮಾಡಿಕೊಂಡೇ ಸುಸ್ತಾಗಿರುತ್ತಿದ್ದರು.

ಒಂದು ಮೇ ತಿಂಗಳಲ್ಲಿ ಅವರ ಹೆಂಡತಿಯ ತಮ್ಮ ರೇಮಂಡ್ ಬೊಂಬಾಯಿಯಿಂದ ಟ್ರಾನ್ಸಿಸ್ಟರ್ ಆಂಪ್ಲಿಫೈಯರ್ ತಂದ. ಒಂದೇ ಕೈಯಲ್ಲಿ ಎತ್ತಬಹುದು, ಕಾರಿನ ಬ್ಯಾಟರಿಯಲ್ಲೂ ಓಡುತ್ತದೆ.

"ಹಳೆಯದನ್ನು ಮಾರಿಬಿಡಿ ಭಾವ. ಹಿರಿಯಡ್ಕದ ಅಂಗಡಿಯವರು ಕೇಳುತ್ತಿದ್ದಾರೆ," ಎಂದ.

"ಇದರ ಸ್ವರ ಸೀಮೆಎಣ್ಣೆ ಡಬ್ಬದೊಳಗಿಂದ ಬಂದ ಹಾಗೆ ಉಂಟು ಮಾರಾಯ," ಎಂದರು ಪೊರ್ಬುಗಳು.

ನನ್ನ ಕೈ ಮೇಲೆದ್ದಿತು. "ಯಾವುದು ಎಂದು ಕಣ್ಣಿಗೆ ಕಾಣದಿದ್ದರೂ ಹೇಳುತ್ತೀರಾ ಪೊರ್ಬುಗಳೇ?"

"ನಿದ್ದೆಯಲ್ಲೂ ಹೇಳುತ್ತೇನೆ. ತಪ್ಪಿದರೆ ನನ್ನ ಸೆಟ್ಟು ಹಿರಿಯಡ್ಕಕ್ಕೆ!"

ಅವರ ಚಾವಡಿಯ ಬಾಗಿಲಿಗೆ ನಾನೇ ಬೆಡ್‌ಶೀಟ್ ಕಟ್ಟಿದೆ. ಒಂದೇ ರಿಕಾರ್ಡು, ಒಂದೇ ಸ್ಪೀಕರು. ಎರಡು ಸೆಟ್ಟುಗಳ ಸ್ವರವನ್ನೂ ಸಮನಾಗಿ ಇರಿಸಿದೆವು; ಇಲ್ಲದಿದ್ದರೆ ತುಸು ಜೋರಾದದ್ದನ್ನೇ ಇಂಪಾದದ್ದೆಂದು ಕಿವಿ ನಂಬುತ್ತದೆ. ರೇಮಂಡ್ ಒಳಗಿನಿಂದ ಒಮ್ಮೆ ಅದಕ್ಕೆ, ಒಮ್ಮೆ ಇದಕ್ಕೆ ಬದಲಾಯಿಸುತ್ತಾ ಹೋದ. ಪೊರ್ಬುಗಳು ಹೇಳಿದ್ದರಲ್ಲಿ ಅರ್ಧ ಸರಿ, ಅರ್ಧ ತಪ್ಪು. ನಾಣ್ಯ ಚಿಮ್ಮಿಸಿದ್ದರೂ ಅಷ್ಟೇ ಬರುತ್ತಿತ್ತು. ಟ್ರಾನ್ಸಿಸ್ಟರ್ ಹಾಡುತ್ತಿದ್ದಾಗ ಒಮ್ಮೆ ಕಣ್ಣು ಮುಚ್ಚಿ, "ಕೇಳಿದಿಯಾ? ಇದು ನನ್ನ ಮಗು!" ಎಂದರು. ನಾನು ಬೆಡ್‌ಶೀಟ್ ಸರಿಸಿ ತೋರಿಸಿದೆ. ಎಲ್ಲರಿಗಿಂತ ಜೋರಾಗಿ ನಕ್ಕದ್ದು ಅವರೇ. ನಕ್ಕು ಮುಗಿದ ಮೇಲೆ ಮಾತ್ರ ಸೆಟ್ಟಿನ ನೆತ್ತಿಯ ಮೇಲೆ ಅಂಗೈ ಇಟ್ಟು, "ಮಾತು ಕೊಟ್ಟಾಯಿತಲ್ಲ," ಎಂದರು. ಸೋಮವಾರ ಕೊಳ್ಳುವವರು ಬರುವುದೆಂದು ನಿಶ್ಚಯವಾಯಿತು.

ಅದಕ್ಕೆ ಮುಂಚಿನ ಶನಿವಾರ ಕಾರ್ಕಳದಲ್ಲಿ ಅವರ ನೆಂಟರ ಮನೆಯ ರೋಸ್, ಅಂದರೆ ಮದುವೆಯ ಮುನ್ನಾದಿನ ವಧುವಿಗೆ ತೆಂಗಿನಹಾಲು ಹಚ್ಚುವ ಶಾಸ್ತ್ರ. ಮೈಕಿಗೆ ಟ್ರಾನ್ಸಿಸ್ಟರ್. "ವಾಲ್ವ್ ಸೆಟ್ಟಿಗೂ ಕೊನೆಗೊಮ್ಮೆ ಗಾಳಿ ಸೋಕಲಿ," ಎಂದು ಪೊರ್ಬುಗಳು ಅದನ್ನೂ ಕಾರಿಗೆ ಹೇರಿದರು. ನಾನೂ ಹತ್ತಿ ಕೂತೆ.

ಹಾಡಿಗೆ ಮುಂದಾಳು ಅವರ ಹೆಂಡತಿ ಸಿಸಿಲಿಯಾ ಬಾಯಿ. ಅವರಿಗೂ ಅವರ ಸಂಗಡದ ಹೆಂಗಸರಿಗೂ ಮೈಕಿನ ಮೇಲೆ ಕಿಂಚಿತ್ತೂ ನಂಬಿಕೆ ಇಲ್ಲ. ಅದನ್ನು ತುಟಿಗೆ ತಾಗಿಸಿಕೊಂಡು, ಅದಿಲ್ಲದಿದ್ದರೂ ಇಗರ್ಜಿಯವರೆಗೆ ಕೇಳುವಷ್ಟು ಗಂಟಲು ತೆರೆಯುವುದು ಅವರ ಪದ್ಧತಿ. ಮೊದಲ ಏರುದನಿಗೇ ಟ್ರಾನ್ಸಿಸ್ಟರ್ ತಗಡು ಹರಿದಂತೆ ಕಿರುಚಿತು. ರೇಮಂಡ್ ಸ್ವರ ತಗ್ಗಿಸಿದರೆ ಹಿಂದಿನ ಸಾಲಿಗೆ ಕೇಳದು. ಏರಿಸಿದರೆ ಮತ್ತೆ ಕಿರುಚಾಟ.

"ಎಂತ, ನಾಳೆಯ ಊಟದ ಕೋಳಿ ಇವತ್ತೇ ಹಿಡಿದರಾ?" ಎಂದಳು ಒಬ್ಬಳು ಅಜ್ಜಿ. ಚಪ್ಪರವೆಲ್ಲ ನಗೆ.

ಸಿಸಿಲಿಯಾ ಬಾಯಿ ಮೈಕನ್ನು ತಮ್ಮನ ಕೈಗಿಟ್ಟು, "ಆ ಮುದುಕನನ್ನು ತಾ," ಎಂದರು. ಅವರು ಗಂಡನನ್ನು ಕರೆದರೋ ಸೆಟ್ಟನ್ನೋ ತಿಳಿಯದೆ ರೇಮಂಡ್ ಇಬ್ಬರನ್ನೂ ತಂದ. ವಾಲ್ವುಗಳು ಕೆಂಪಗಾದವು. ಅದೇ ಮೈಕು, ಅದೇ ಗಂಟಲು. ತಾಳಲಾರದಷ್ಟು ಸ್ವರ ಬಂದಾಗಲೂ ಈ ಸೆಟ್ಟು ಕಿರುಚಲಿಲ್ಲ; ಸ್ವರದ ಅಂಚು ತುಸು ಮೆತ್ತಗಾಯಿತು, ಅಷ್ಟೆ. ಚಪ್ಪರದ ಕೊನೆಯವರೆಗೂ ಹಾಡು ದುಂಡಗೆ ಹರಡಿತು.

ನಾನು ಬಿಡುವವಳಲ್ಲ. "ಪೊರ್ಬುಗಳೇ, ಮೆಲ್ಲಗೆ ಹಾಡಿದರೆ ಎರಡೂ ಒಂದೇ, ಅದು ಸಾಬೀತಾಗಿದೆ. ಇಲ್ಲೂ ನಿಮ್ಮ ಸೆಟ್ಟು ನಿಜ ಹೇಳುತ್ತಿಲ್ಲ. ಇದೂ ಸ್ವರವನ್ನು ಕೆಡಿಸುತ್ತದೆ, ಆದರೆ ಮಧುರವಾಗಿ."

"ಹೆಂಡತಿಯ ಎದುರು ನಾನೂ ಹಾಗೆಯೇ ಮಾರಾಯ್ತಿ. ಅದಕ್ಕೇ ಸಂಸಾರ ನಡೆದದ್ದು!"

ಸೋಮವಾರ ಹಿರಿಯಡ್ಕದವರಿಗೆ ಬಾಗಿಲು ತೆರೆದದ್ದು ಸಿಸಿಲಿಯಾ ಬಾಯಿ. "ಪಂಥ ಕಟ್ಟಿದ್ದು ಅವರು. ಹಾಡುವವಳು ನಾನು. ಸೆಟ್ಟು ಕೊಡುವುದಿಲ್ಲ," ಎಂದು ಚಹಾ ಕೊಟ್ಟು ಕಳುಹಿಸಿದರು.

ಎರಡು ವರ್ಷಗಳ ಬಳಿಕ ಗಂಡಹೆಂಡತಿ ಇಬ್ಬರೂ ಬೊಂಬಾಯಿಯ ಮಗಳ ಮನೆಗೆ ಹೊರಟರು. ಉಡುಪಿಯ ಬಸ್ ನಿಲ್ದಾಣದಲ್ಲಿ ಕಂಡಕ್ಟರ್ ಸೆಟ್ಟಿನ ಪೆಟ್ಟಿಗೆಯನ್ನು ಬಸ್ಸಿನ ಮಾಡಿನ ಮೇಲೇರಿಸಲು ಹೇಳಿದ. ಪೊರ್ಬುಗಳು ಒಪ್ಪಲಿಲ್ಲ, ಅದಕ್ಕೂ ಒಂದು ಟಿಕೆಟ್ ಕೊಂಡು, ಕಿಟಕಿ ಪಕ್ಕ ಕೂರಿಸಿ, ಅದರ ಮೇಲಿಂದ ತಲೆ ಹೊರಹಾಕಿದರು.

"ವಕೀಲಮ್ಮ, ಬೊಂಬಾಯಿಯಲ್ಲಿ ಎಲ್ಲರೂ ನಾನು ಹೇಳಿದ್ದನ್ನು ಒಪ್ಪಿಬಿಟ್ಟರೆ ಎಂತ ಮಾಡುವುದು?"

"ಅದಕ್ಕೆ ಮೂರು ಉತ್ತರ ಉಂಟು," ಎಂದೆ. ಎರಡನ್ನು ಹೇಳುವಷ್ಟರಲ್ಲಿ ಬಸ್ಸು ಹೊರಟಿತು. ಮೂರನೆಯದನ್ನು ಕೂಗುತ್ತಾ ನಾನು ತಿರುವಿನವರೆಗೂ ಓಡಿದೆ. ಅವರು ಕಿವಿಗೆ ಕೈಯಾನಿಸಿ, ಕೇಳಿಸಲಿಲ್ಲ ಎಂದು ತಲೆಯಾಡಿಸುತ್ತಾ, ನಗುತ್ತಾ ಹೋದರು.