ಕೆಂಪುಕಲ್ಲಿನ ಮೇಲೆ ನಿಂತ ಕಾರು

ಕಳೆದ ಭಾನುವಾರ ಸಂಜೆ ಐದು ಗಂಟೆ ಸುಮಾರಿಗೆ ನಾನು ನನ್ನ ಗಂಡನ ಎರಡೂ ಕಾಲು ಹಿಡಿದು ಅಂಗಳದಲ್ಲಿ ದರದರನೆ ಎಳೆದೆ. ಮದುವೆಯಾಗಿ ಹದಿನಾಲ್ಕು ವರ್ಷದಲ್ಲಿ ಇದೇ ಮೊದಲು. ಅವರು ನನಗೆ ಬೈದರು. ಬೈದು ಮುಗಿಯುವ ಮೊದಲೇ ಸಾವಿರ ಕಿಲೋಗಿಂತ ಹೆಚ್ಚು ತೂಕದ ಕಾರು ಧೊಪ್ಪನೆ ಕೆಳಗೆ ಬಿತ್ತು.

ಅವರ ಬಲಗೈ ಏನಾಯಿತು ಎಂದು ಆಮೇಲೆ ಹೇಳುತ್ತೇನೆ. ಆ ಕೈ ಅಲ್ಲಿಗೆ ಹೋದದ್ದು ಹೇಗೆ ಎಂಬುದನ್ನು ಮೊದಲು ಕೇಳಿ.

ಈ ಅಂಕಣ ಓದುವ ನಿಮಗೆಲ್ಲ ನಮ್ಮ ಡಾಕ್ಟ್ರ ಪರಿಚಯ ಉಂಟು. (ಹೊಸಬರಿಗೆ: ಡಾಕ್ಟ್ರು ಎಂದರೆ ನನ್ನ ಗಂಡ.) ಹಲ್ಲಿನ ಡಾಕ್ಟ್ರು. ಬೆಳ್ತಂಗಡಿಯಲ್ಲಿ ಒಂದೇ ಕುರ್ಚಿಯ ಕ್ಲಿನಿಕ್, ಮೂಡುಬಿದಿರೆಯ ಹೊರವಲಯದಲ್ಲಿ ಮನೆ, ನಡುವೆ ವೇಣೂರಿನ ಮೇಲೆ ದಿನಾ ಓಡಾಟ. ಅವರ ಬಲಗೈ ನಡೆದರೆ ನಮ್ಮ ಮನೆ ನಡೆಯುತ್ತದೆ. ಇದರಲ್ಲಿ ಉತ್ಪ್ರೇಕ್ಷೆ ಏನೂ ಇಲ್ಲ.

ನಲವತ್ತೈದು ದಾಟಿದ ಮೇಲೆ ಅವರಿಗೆ ಸ್ಪೋರ್ಟ್ಸ್ ಕಾರಿನ ಹುಚ್ಚು ಹಿಡಿಯಿತು. ಎರಡೇ ಬಾಗಿಲು, ಕೆಂಪು ಬಣ್ಣ, ಸೆಕೆಂಡ್ ಹ್ಯಾಂಡ್. ಹಿಂದಿನ ಸೀಟಿನಲ್ಲಿ ನಮ್ಮ ಅತ್ತೆಗೆ ಕೂರಲಿಕ್ಕೆ ಆಗುವುದಿಲ್ಲ, ಹೇಗಾದರೂ ಕೂತರೆ ಏಳಲಿಕ್ಕೆ ಆಗುವುದಿಲ್ಲ. ಆಯಿತು, ಬಂತು. ಆದರೆ ಬಂದ ಕಾರು ಬಂದ ಹಾಗೆಯೇ ಇದ್ದರೆ ಸಾಕೇ? ಅದನ್ನು ಇನ್ನೂ ತಗ್ಗಿಸಬೇಕಂತೆ. ಚಕ್ರದ ಹತ್ತಿರ ಇರುವ ಸ್ಪ್ರಿಂಗ್ ತೆಗೆದು ಗಿಡ್ಡ ಸ್ಪ್ರಿಂಗ್ ಹಾಕಿದರೆ ಕಾರು ಒಂದೂವರೆ ಇಂಚು ಕೆಳಗೆ ಕೂರುತ್ತದಂತೆ, ತಿರುವಿನಲ್ಲಿ ವಾಲುವುದಿಲ್ಲವಂತೆ. ನಮ್ಮ ರಸ್ತೆಯ ಹಂಪ್‌ಗಳಿಗೆ ಇದನ್ನು ಯಾರು ವಿವರಿಸುವುದು?

ಬಿ.ಸಿ.ರೋಡಿನ ಮೆಕ್ಯಾನಿಕ್ ಒಬ್ಬರು ಈ ಕೆಲಸ ನನ್ನಿಂದ ಆಗದು ಎಂದು ಕೈ ಮುಗಿದರು. ನಾನಂತೂ ಆರು ವಾರ ಬೇಡ ಬೇಡ ಎಂದೆ. ತಿಂಡಿಯ ಹೊತ್ತಿಗೆ, ಬಟ್ಟೆ ಮಡಚುವಾಗ, ಫೋನಿನಲ್ಲಿ. ಕೊನೆಕೊನೆಗೆ ನನ್ನ ಮಾತು ಅವರಿಗೆ ಫ್ಯಾನ್ ತಿರುಗುವ ಸದ್ದಿನ ಹಾಗಾಯಿತು. ಕೇಳುತ್ತದೆ, ಆದರೆ ಯಾರೂ ಕಿವಿಗೊಡುವುದಿಲ್ಲ.

ಅಷ್ಟರಲ್ಲಿ ದುಬೈಯಿಂದ ಹನೀಫ್ ರಜೆಯಲ್ಲಿ ಬಂದರು. ಮೆಲ್ಕಾರಿನವರು, ಡಾಕ್ಟ್ರ ಕಾಲೇಜು ದಿನದ ಗೆಳೆಯ. ಬ್ಯಾಗಿನಲ್ಲಿ ಖರ್ಜೂರ, ಕಂಬಳಿ, ಮತ್ತು ಆ ಕಂಬಳಿಯೊಳಗೆ ಸುತ್ತಿದ ನಾಲ್ಕು ಸ್ಪ್ರಿಂಗ್. ಭಾನುವಾರ ಇಬ್ಬರೂ ಸೇರಿ ಮನೆಯಲ್ಲೇ ಹಾಕುವುದು ಎಂದು ತೀರ್ಮಾನವಾಯಿತು.

ಹನೀಫರ ಕೆಲಸ ಏನು ಗೊತ್ತೇ? ಸೇಫ್ಟಿ ಆಫೀಸರ್. ದೊಡ್ಡ ದೊಡ್ಡ ಕಟ್ಟಡ ಏಳುವ ಕಡೆ ಯಾರೂ ಬೀಳದ ಹಾಗೆ, ಯಾರ ಮೇಲೂ ಏನೂ ಬೀಳದ ಹಾಗೆ ನೋಡಿಕೊಳ್ಳುವವರು. ಹೆಲ್ಮೆಟ್ಟಿನ ಪಟ್ಟಿ ಕಟ್ಟದವನನ್ನು ವಾಪಸ್ ಮನೆಗೆ ಕಳಿಸಿದ ಕಥೆಯನ್ನು ನಮ್ಮಲ್ಲಿ ಊಟಕ್ಕೆ ಕೂತಾಗ ಎರಡು ಸಲ ಹೇಳಿದ್ದಾರೆ. ಆ ಮನುಷ್ಯ ಭಾನುವಾರ ಮಧ್ಯಾಹ್ನ ನಮ್ಮ ಅಂಗಳದಲ್ಲಿ ಲುಂಗಿ ಎತ್ತಿ ಕಟ್ಟಿ ಬರಿಗಾಲಲ್ಲಿ ನಿಂತಿದ್ದರು.

ಜಾಕ್ ಹಾಕಿ ಕಾರಿನ ಮುಂಭಾಗ ಎತ್ತಿದರು. ಎತ್ತಿದ ಮೇಲೆ ಕೆಳಗೆ ಕಬ್ಬಿಣದ ಸ್ಟ್ಯಾಂಡ್ ಕೊಡಬೇಕು. ಸ್ಟ್ಯಾಂಡ್ ತರಬೇಕಾದ ಗ್ಯಾರೇಜಿಗೆ ಭಾನುವಾರ ರಜೆ. ಆಗ ಕರಾವಳಿಯವರಾದ ನಾವು ಏನು ಮಾಡುತ್ತೇವೆ? ಮಂಚ ಎತ್ತರಿಸಲಿಕ್ಕೆ, ನೀರಿನ ಡ್ರಮ್ ಇಡಲಿಕ್ಕೆ, ಗೇಟು ಮುಚ್ಚದ ಹಾಗೆ ತಡೆಯಲಿಕ್ಕೆ ಏನು ಇಡುತ್ತೇವೋ ಅದನ್ನೇ ಇಟ್ಟರು. ಕೆಂಪುಕಲ್ಲು. ಕಂಪೌಂಡ್ ಕಟ್ಟುವಾಗ ಉಳಿದದ್ದು, ಟ್ಯಾಂಕಿನ ಬುಡದಲ್ಲಿ ಬಿದ್ದಿತ್ತು. ಒಂದರ ಮೇಲೊಂದು ಎರಡು ಕಲ್ಲು.

"ಮಾಳಿಗೆ ಮನೆಯನ್ನೇ ಹೊರ್ತದೆ ಮಾರಾಯ, ನಿನ್ನ ಒಂದು ಕಾರು ಹೊರುವುದಿಲ್ವಾ?" ಎಂದರು ಹನೀಫ್.

ಈಗ ನನ್ನ ಬಗ್ಗೆ ಒಂದು ವಿಷಯ. ನನ್ನ ಅಪ್ಪ ಬಂಟ್ವಾಳದ ಕಡೆ ಕೆಂಪುಕಲ್ಲು ಕಡಿದು ತೆಗೆಯುವ ಕೋರೆ ನಡೆಸುತ್ತಿದ್ದರು. ನಾನು ಓಡಾಡಲು ಕಲಿತದ್ದೇ ಕಲ್ಲಿನ ರಾಶಿಯ ನಡುವೆ. ಒಳ್ಳೆಯ ಕಲ್ಲು ತಟ್ಟಿದರೆ ಟಣ್ ಎನ್ನುತ್ತದೆ. ಒಳಗೆ ಬಿಳಿ ಜೇಡಿ ಇರುವ ಕಲ್ಲು ಡಬ್ ಎನ್ನುತ್ತದೆ, ನೀರು ಕುಡಿದರೆ ಇನ್ನಷ್ಟು ಮೆದುವಾಗುತ್ತದೆ. ಗೋಡೆಯಲ್ಲಿ ಭಾರ ಎಲ್ಲ ಕಲ್ಲಿಗೂ ಹಂಚಿಹೋಗುತ್ತದೆ. ಇಲ್ಲಿ ಹಲಗೆಯೂ ಇಲ್ಲದೆ ಕಾರಿನ ತೆಳು ಅಂಚೊಂದೇ ಕಲ್ಲಿನ ನೆತ್ತಿಯ ಮೇಲೆ ಕೂತಿತ್ತು. ಅಲ್ಲದೆ ಆ ಕಲ್ಲುಗಳು ಉಳಿದದ್ದಾದರೂ ಯಾಕೆ? ಮೇಸ್ತ್ರಿ ಬೇಡವೆಂದು ಬದಿಗೆ ಎಸೆದದ್ದಕ್ಕೆ. ಎರಡು ಮಳೆಗಾಲ ಟ್ಯಾಂಕಿನ ನೀರು ಅವುಗಳ ಮೇಲೆ ತೊಟ್ಟಿಕ್ಕಿದೆ.

ಚಹಾ ಬೇಕಾ ಎಂದು ಕೇಳಲು ಹೋದವಳು ಅಲ್ಲೇ ಬಿದ್ದಿದ್ದ ಸ್ಪ್ಯಾನರಿನಿಂದ ಮೇಲಿನ ಕಲ್ಲನ್ನು ಮೆಲ್ಲಗೆ ತಟ್ಟಿದೆ. ಡಬ್.

ನಾನು ಏನೂ ಹೇಳಲಿಲ್ಲ. ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ.

ಹೇಳಿದ್ದರೆ "ಶುರುವಾಯಿತಾ ನಿನ್ನದು" ಎನ್ನುತ್ತಿದ್ದರು. ಕೆಲಸಕ್ಕೆ ಕೈ ಹಾಕುವಾಗ ಅಪಶಕುನ ನುಡಿಯಬಾರದು ಎಂದು ಅತ್ತೆ ಒಳಗಿನಿಂದಲೇ ರೇಗುತ್ತಿದ್ದರು. ಇದು ಒಂದು ಕಾರಣ. ಇನ್ನೊಂದನ್ನು ಬರೆಯಲಿಕ್ಕೆ ನಾಚಿಕೆಯಾಗುತ್ತದೆ. ಆ ಕಲ್ಲು ಒಡೆಯಲಿ ಎಂದು ನನ್ನ ಮನಸ್ಸಿನ ಮೂಲೆಯಲ್ಲಿ ಒಂದು ಆಸೆ ಇತ್ತು. ಕಾರು ಸ್ವಲ್ಪ ಕುಸಿಯಲಿ, ಕೆಂಪು ಪೈಂಟ್ ನಾಲ್ಕು ಕಡೆ ಹೋಗಲಿ, ನಾನು ಸೊಂಟದ ಮೇಲೆ ಕೈಯಿಟ್ಟು ಬಾಗಿಲಲ್ಲಿ ನಿಲ್ಲಬೇಕು. ನಾನು ಕಂಡ ಆ ಚಿತ್ರದಲ್ಲಿ ಅವರ ಕೈ ಎಲ್ಲೂ ಇರಲಿಲ್ಲ.

ಮೂರು ಗಂಟೆಗೆ ಮುಂದಿನ ಒಂದು ಚಕ್ರದ ಹಳೆ ಸ್ಪ್ರಿಂಗ್ ಶಾಕ್ ಅಬ್ಸಾರ್ಬರ್ ಸಮೇತ ಹೊರಗೆ ಬಂತು. ಅದನ್ನು ಕಂಪ್ರೆಸರ್ ಎಂಬ ಎರಡು ಕೊಕ್ಕೆಯ ಸಾಧನದಿಂದ ಅಮುಕಿ ಹಿಡಿದು, ಮೇಲ್ತುದಿಯ ನಟ್ಟು ಬಿಚ್ಚಬೇಕು. ಕೊಕ್ಕೆ ಜಾರಿದರೆ ಸ್ಪ್ರಿಂಗ್ ಮುಖಕ್ಕೇ ಹಾರುತ್ತದೆ ಎಂದು ಹನೀಫ್ ನಗುನಗುತ್ತಾ ಹೇಳಿದರು. ನಟ್ಟಿನ ಒಂದೊಂದು ತಿರುವಿಗೂ ಕಬ್ಬಿಣ ಕಿರ್ ಎನ್ನುತ್ತಿತ್ತು. ನಾನು ಜಗಲಿಯ ಕಂಬ ಹಿಡಿದು ನಿಂತಿದ್ದೆ. ಹಳೆಯದು ಬಿಚ್ಚಿತು, ಹೊಸದು ಕೂತಿತು. ಏನೂ ಹಾರಲಿಲ್ಲ. ಇಬ್ಬರೂ ಪರಸ್ಪರ ಬೆನ್ನು ತಟ್ಟಿಕೊಂಡರು.

ಅಪಾಯ ಮುಗಿಯಿತೆಂದು ನನಗೂ ಅನಿಸಿತು. ಕಲ್ಲನ್ನು ಮರೆತೇಬಿಟ್ಟೆ.

ಐದು ಗಂಟೆಗೆ ಅತ್ತೆ ಒಳಗಿನಿಂದ ಕೂಗಿದರು. ನಮ್ಮದು ಜೈನರ ಮನೆ, ಸೂರ್ಯ ಮುಳುಗುವ ಮೊದಲೇ ರಾತ್ರಿಯ ಊಟ ಆಗಬೇಕು. ಕೈಕಾಲು ತೊಳೆಯಲಿಕ್ಕೆ ಹೇಳು ಎಂದರು. ಸ್ಪ್ರಿಂಗನ್ನು ಕಾರಿಗೆ ಸೇರಿಸುವ ಎರಡು ಬೋಲ್ಟ್ ಮಾತ್ರ ಬಾಕಿ ಇತ್ತು. ತೂತು ತೂತಿಗೆ ಹೊಂದುತ್ತಿರಲಿಲ್ಲ. ಚಕ್ರ ಕೂರುವ ಭಾಗವನ್ನು ಕೆಳಗಿನಿಂದ ಎತ್ತಬೇಕು ಎಂದು ಹನೀಫ್ ಜಾಕನ್ನು ಅಲ್ಲಿಗೆ ಸರಿಸಿದರು. ಈಗ ಕಾರಿನ ಆ ಬದಿ ನಿಂತದ್ದು ಕಲ್ಲಿನ ಮೇಲೆ ಮಾತ್ರ. ಡಾಕ್ಟ್ರು ಅಂಗಾತ ಮಲಗಿ ಬಲಗೈಯನ್ನು ಮೊಣಕೈವರೆಗೆ ಒಳಗೆ ತೂರಿಸಿದರು. ಬಾಯಿಯೊಳಗಿನ ಹಲ್ಲು ಹುಡುಕಿ ಅಭ್ಯಾಸವಾದ ಬೆರಳುಗಳು, ನೋಡದೆಯೇ ತೂತು ಹುಡುಕುತ್ತಿದ್ದವು.

ನಾನು ಊಟಕ್ಕೆ ಕರೆಯಲು ಮೆಟ್ಟಿಲಿಳಿದೆ. ಆಗ ಕಂಡಿತು. ಮೇಲಿನ ಕಲ್ಲಿನ ಬದಿಯಿಂದ ಕೆಂಪು ಹುಡಿ ಸಣ್ಣಗೆ ಸುರಿಯುತ್ತಿತ್ತು. ನಿಂತಿತು. ಪುನಃ ಸುರಿಯಿತು.

"ಕೈ ತೆಗೀರಿ" ಎಂದೆ.

"ಒಂದು ನಿಮಿಷ ಇರು" ಎಂದರು.

"ಕಲ್ಲು ಒಡೆಯುತ್ತಾ ಉಂಟು, ಕೈ ಹೊರಗೆ ತೆಗೀರಿ."

"ಆರು ವಾರದಿಂದ ಕೇಳ್ತಾ ಇದ್ದೇನೆ, ಸ್ವಲ್ಪ ಸುಮ್ಮನಿರು."

ಹನೀಫ್ ನನ್ನ ಮುಖ ನೋಡಿದರು, ಕಲ್ಲು ನೋಡಿದರು. ಅವರ ಬಣ್ಣ ಇಳಿಯಿತು. ಕಲ್ಲಿನ ಮೈಮೇಲೆ ಬೆರಳಗಲದ ಬಿರುಕು ಬಾಯಿಬಿಟ್ಟಿತು. ನನಗೆ ಬೇರೇನೂ ತೋಚಲಿಲ್ಲ. ಓಡಿಹೋಗಿ ಅವರ ಎರಡೂ ಕಾಲು ಹಿಡಿದು ಇದ್ದ ಶಕ್ತಿಯೆಲ್ಲ ಹಾಕಿ ಎಳೆದೆ.

ಮುಂದಿನದು ನಿಮಗೆ ಗೊತ್ತು. ಬೈಗುಳ, ಧೂಳು, ಧೊಪ್.

ಧೂಳಿನಲ್ಲಿ ಅವರ ಕೈ ಹುಡುಕಿ ಹಿಡಿದುಕೊಂಡೆ. ಮಣಿಕಟ್ಟಿನಿಂದ ಮೊಣಕೈವರೆಗೆ ಚರ್ಮ ಸುಲಿದುಹೋಗಿತ್ತು. ತೋರುಬೆರಳಿನ ಉಗುರು ಅರ್ಧ ಕಿತ್ತುಬಂದಿತ್ತು. ಬೆರಳು ಐದೂ ಇದ್ದವು. ಎಣಿಸಿದೆ. ನಂಬಿಕೆ ಬಾರದೆ ಇನ್ನೊಮ್ಮೆ ಎಣಿಸಿದೆ. ಒಂದೊಂದನ್ನೇ ಮಡಚಿ ತೋರಿಸಿ ಎಂದೆ, ತೋರಿಸಿದರು. ಆಮೇಲೆ ನನಗೆ ಅಳು ಬಂತು.

ಹನೀಫ್ ಜಗಲಿಯ ಮೆಟ್ಟಿಲಲ್ಲಿ ಕುಸಿದು ಕೂತಿದ್ದರು. "ದುಬೈಯಲ್ಲಾಗಿದ್ರೆ ಈ ಕೆಲಸ ಶುರು ಮಾಡ್ಲಿಕ್ಕೇ ನಾನು ಬಿಡ್ತಿರಲಿಲ್ಲ ಅಕ್ಕ" ಎಂದರು.

"ಮತ್ತೆ ಇಲ್ಲಿ?"

"ಇದು ಮನೆಯಲ್ವಾ" ಎಂದರು. ಹೇಳಿದ ಮೇಲೆ ತಲೆ ತಗ್ಗಿಸಿದರು.

ನಾನು ಅವರನ್ನು ಬೈಯಲಿಲ್ಲ. ಯಾಕೆಂದರೆ ನಾವೆಲ್ಲ ಹೀಗೆಯೇ. ಹೈವೇಯಲ್ಲಿ ಹೆಲ್ಮೆಟ್ ಹಾಕುತ್ತೇವೆ, ಮನೆಯ ರಸ್ತೆಗೆ ತಿರುಗಿದ ಕೂಡಲೇ ತೆಗೆದು ಹ್ಯಾಂಡಲಿಗೆ ಸಿಕ್ಕಿಸುತ್ತೇವೆ. ಪರವೂರಿನ ನಿಯಮಕ್ಕೆ ಹೆದರುವ ನಮಗೆ ಸ್ವಂತ ಅಂಗಳದಲ್ಲಿ ಯಾವ ಹೆದರಿಕೆಯೂ ಇಲ್ಲ. ಕಾರಿಗೆ, ಕಲ್ಲಿಗೆ ಅದು ಯಾರ ಅಂಗಳವೆಂದು ಹೇಗೆ ಗೊತ್ತಾಗಬೇಕು?

ಅಂದು ಸೂರ್ಯ ಮುಳುಗುವ ಮೊದಲು ಊಟ ಆಯಿತು. ಬ್ಯಾಂಡೇಜು ಸುತ್ತಿದ ಮಗನಿಗೆ ಅತ್ತೆ ಅನ್ನ ಕಲಸಿ ತುತ್ತು ಮಾಡಿ ಕೊಟ್ಟರು. ಸೊಸೆ ಇದ್ದದ್ದಕ್ಕೆ ಕೈ ಉಳಿಯಿತು ಎಂದು ಹನೀಫರ ಮುಂದೆಯೇ ಹೊಗಳಿದರು. ಹದಿನಾಲ್ಕು ವರ್ಷ ಕಾದು ಸಿಕ್ಕ ಹೊಗಳಿಕೆ. ನಾನು ತಟ್ಟೆ ಎತ್ತಿಕೊಂಡು ಅಡುಗೆಮನೆಗೆ ಹೋದೆ.

ಕ್ಲಿನಿಕ್ಕಿಗೆ ಹತ್ತು ದಿನ ರಜೆ ಹಾಕಿದರು. ಕಾರು ಒಂದು ಬದಿ ಮಣ್ಣಿಗೆ ಊರಿ ಈಗಲೂ ಅಂಗಳದಲ್ಲೇ ಉಂಟು. ಅದು ಕಣ್ಣಿಗೆ ಬಿದ್ದಾಗಲೆಲ್ಲ ನಾನು ಬೇರೆ ಕಡೆ ನೋಡುತ್ತೇನೆ. "ನಾನು ಆಗಲೇ ಹೇಳಿದ್ದೆ" ಎನ್ನುವ ಸುಖ ಈ ಬಾರಿ ನನಗಿಲ್ಲ. ಆರು ವಾರ ಬೇಡದ್ದನ್ನೆಲ್ಲ ಹೇಳಿದವಳು ಹೇಳಲೇಬೇಕಾದ ಒಂದು ಮಾತನ್ನು ನುಂಗಿಕೊಂಡಿದ್ದೆ.

ಮೊನ್ನೆ ಬ್ಯಾಂಡೇಜು ಬದಲಿಸುವಾಗ ಡಾಕ್ಟ್ರು ಕೇಳಿದರು, "ನೀನು ಕಲ್ಲಿನ ಕೋರೆಯವಳಲ್ವಾ, ಅದು ಮೆದು ಕಲ್ಲು ಅಂತ ನಿನಗೆ ಮೊದಲೇ ಗೊತ್ತಿತ್ತಾ?"

ಕಲ್ಲಿನ ಒಳಗೆ ಏನುಂಟು ಎಂದು ಯಾರಿಗೆ ಗೊತ್ತಾಗುತ್ತದೆ ಎಂದೆ. ಅವರು ನಂಬಿದರು. ನಂಬಿ, ಆ ಕೈಯನ್ನು ನನ್ನ ಕೈಯಲ್ಲೇ ಬಿಟ್ಟು ಕೂತರು.

ಅವರು ಪ್ರತಿ ವಾರ ಈ ಅಂಕಣ ಓದುತ್ತಾರೆ, ಕೊನೆಯ ಸಾಲಿನವರೆಗೂ.

ಗೊತ್ತಿತ್ತು, ಡಾಕ್ಟ್ರೇ.